ನಿದ್ದೆಗೆ ಬೇಕಾದ ಹೆಸರು

ಆ ದಿನ ಬೆಳಿಗ್ಗೆ ಲುಜಿಜಿ ಹಳ್ಳಿಯ ಬಯಲೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಿತ್ತು. ಅಲ್ಲಿ ನಡುಚಳಿಗಾಲವಾದ ಜೂನ್ ತಿಂಗಳ ಇಬ್ಬನಿ ಹುಲ್ಲಿನ ಮೇಲೆ ಹೆಪ್ಪುಗಟ್ಟಿ, ಕಾಲಿಟ್ಟರೆ ಹಪ್ಪಳ ಮುರಿದಂತೆ ಸದ್ದಾಗುತ್ತಿತ್ತು. ನಲ್ಲಿಯ ನೀರು ಕೊಳವೆಯೊಳಗೇ ಕಲ್ಲಾಗಿತ್ತು. ಮಾಮ್ತೋಲೊ ಹಿಂದಿನ ಸಂಜೆ ಹಿಡಿದಿಟ್ಟ ಬಕೆಟ್ಟಿನ ಮೇಲಿನ ಗಾಜಿನಂಥ ಪದರವನ್ನು ಸೌಟಿನ ಹಿಡಿಯಿಂದ ಕುಟ್ಟಿ ಒಡೆದು, ಗಂಜಿಗೆ ಎಸರಿಟ್ಟಳು. ಬೆಟ್ಟದ ಕಡೆಯಿಂದ ಗಾಳಿಯೇ ಇರಲಿಲ್ಲ. ಅಷ್ಟು ದೊಡ್ಡ ಬಯಲಿನಲ್ಲಿ ಒಂದು ನಾಯಿಯೂ ಬೊಗಳುತ್ತಿರಲಿಲ್ಲ.

ಗಂಡ ಮೊಂದೆ ಆಗಲೇ ಒಂದು ಸುತ್ತು ಮುಗಿಸಿ ಬಂದಿದ್ದ. ಸುತ್ತಲಿನ ಮೂರು ಹಳ್ಳಿಗಳ ಮಕ್ಕಳನ್ನು ವ್ಯಾನಿನಲ್ಲಿ ತುಂಬಿಕೊಂಡು ಶಾಲೆಗೆ ಬಿಟ್ಟು ಬರುವುದು ಅವನ ಕಸುಬು. ಒಳಗೆ ಬಂದವನು ಟೋಪಿಯನ್ನೂ ತೆಗೆಯದೆ ಒಲೆಯ ಮುಂದೆ ಕುಳಿತ.

"ಚಹಾ ಕೊಡು. ಸಕ್ಕರೆ ಜಾಸ್ತಿ ಇರ್ಲಿ."

ಕೊಟ್ಟ ಚಹಾವನ್ನು ಕುಡಿಯದೆ ಹಿಡಿದುಕೊಂಡೇ ಕುಳಿತ. 

"ಏನಾಯ್ತು ಹೇಳಿ."

"ಸೇತುವೆ ಹತ್ರ ಕಣ್ಣು ಹತ್ಬಿಡ್ತು. ಒಂದು ಗಳಿಗೆ ಅಷ್ಟೇ. ಕಣ್ಣು ಬಿಟ್ರೆ ಎದುರಿಗೆ ಜೋಲಾ ಮನೆ ಹಸು. ಹಿಂದೆ ಹದಿನಾಲ್ಕು ಮಕ್ಕಳು ಹಾಡು ಹೇಳ್ತಾ ಕೂತಿದ್ವು."

ಒಲೆಯ ಇನ್ನೊಂದು ಬದಿಯಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಅವನ ತಾಯಿ ನೊವುಲೇಲೆ ಅಜ್ಜಿ ತಲೆಯೆತ್ತಿದಳು. "ಹಸುಗೆ ಏನೂ ಆಗ್ಲಿಲ್ಲ ತಾನೆ?"

"ಅದಕ್ಕೆ ರಾತ್ರಿ ಚೆನ್ನಾಗಿ ನಿದ್ದೆ ಆಗಿತ್ತಮ್ಮ. ತಾನಾಗೇ ಪಕ್ಕಕ್ಕೆ ಸರೀತು."

ಯಾರೂ ನಗಲಿಲ್ಲ. ಮಗಳು ಸಿನಾಜೊ ಗಣಿತದ ಪುಸ್ತಕವನ್ನು ಪಟ್ಟೆಂದು ಮುಚ್ಚಿದಳು. ಎಲ್ಲರ ಕಣ್ಣೂ ಒಮ್ಮೆ ಮೇಜಿನ ತುದಿಯತ್ತ ಹೋಗಿ ಬಂತು. ಅಲ್ಲಿ ನಾಲ್ಕು ವರ್ಷದ ಲಿಖೋನಾ ಬೂಟು ಹಾಕಿಕೊಂಡೇ ಕುಳಿತು, ಗಂಜಿಯ ಮೇಲಿನ ಕೆನೆಯನ್ನು ಚಮಚದಿಂದ ಮಡಚಿ ಮಡಚಿ ಒಂದು ಮೂಲೆಗೆ ಸೇರಿಸುತ್ತಿದ್ದಳು.

ಹಸಿವು ರುಚಿ ಕೇಳುವುದಿಲ್ಲ, ನಿದ್ದೆ ಹಾಸಿಗೆ ಕೇಳುವುದಿಲ್ಲ ಎನ್ನುತ್ತಾರೆ. ಈ ಮಗುವಿನ ವಿಷಯದಲ್ಲಿ ಆ ಮಾತಿನ ಅರ್ಧ ಸುಳ್ಳಾಗಿತ್ತು. ಮಕ್ಕಳ ಇಲಾಖೆಯವರು ತಂದು ಬಿಟ್ಟು ನಾಲ್ಕು ವಾರವಾಗಿತ್ತು. ಕೊಟ್ಟದ್ದನ್ನೆಲ್ಲ ಉಣ್ಣುತ್ತಿತ್ತು. ಹೇಳಿದ ಮಾತು ಕೇಳುತ್ತಿತ್ತು. ಕೋಳಿಗಳ ಹಿಂದೆ ಓಡುತ್ತಲೂ ಇತ್ತು. ಆದರೆ ಕತ್ತಲಾಗುತ್ತಿದ್ದಂತೆ ಅದರ ಮೈ ಕಟ್ಟಿಗೆಯ ಹಾಗೆ ಬಿಗಿಯಾಗುತ್ತಿತ್ತು. ಬೂಟು ಬಿಚ್ಚಲು ಬಿಡುತ್ತಿರಲಿಲ್ಲ. ಅತ್ತರೆ ಬೆಳಗಿನ ಕೋಳಿ ಕೂಗುವವರೆಗೂ ಅಳು. ಅಳದಿದ್ದ ದಿನ ಹಾಸಿಗೆಯ ಮೇಲೆ ಎದ್ದು ಕುಳಿತು ಕತ್ತಲನ್ನು ನೋಡುತ್ತಿತ್ತು. ಅಳುವುದಕ್ಕಿಂತ ಅದನ್ನು ನೋಡುವುದೇ ಕಷ್ಟವಾಗಿತ್ತು.

ಮಕ್ಕಳ ಇಲಾಖೆಯ ಮಿಸ್ ಪೇತೇನಿ ಕೊಟ್ಟುಹೋದ ಹಾಳೆ ಅಡುಗೆಮನೆಯ ಗೋಡೆಯ ಮೇಲಿತ್ತು. ಮಗುವಿಗೆ ಅದರದೇ ಮಂಚ, ಅದರದೇ ಕೋಣೆ. ದಿನವೂ ಒಂದೇ ಹೊತ್ತಿಗೆ ಬಿಸಿನೀರ ಸ್ನಾನ, ಬೆಚ್ಚಗಿನ ಹಾಲು, ಒಂದು ಕಥೆ, ಒಂದು ಸಣ್ಣ ದೀಪ. ಮಾಮ್ತೋಲೊ ಒಂದನ್ನೂ ತಪ್ಪಿಸಿರಲಿಲ್ಲ. ಪಾದ್ರಿ ಬಂದು ತಲೆ ಮುಟ್ಟಿ ಪ್ರಾರ್ಥಿಸಿದ್ದರು. ನೆರೆಯವಳು ಕಾಡುಗಿಡದ ಬೇರು ತಂದು ದಿಂಬಿನ ಕೆಳಗಿಟ್ಟಿದ್ದಳು. ಮಿಸ್ ಪೇತೇನಿ ತಿಂಗಳ ಕೊನೆಗೆ ಬಂದು ನೋಡುವವಳಿದ್ದಳು. ಮನೆ ಒಗ್ಗದಿದ್ದರೆ ಮಗು ಉಮ್ತಾತಾ ಪಟ್ಟಣದ ದೊಡ್ಡ ಮಕ್ಕಳ ಮನೆಗೆ ಹೋಗಬೇಕು. ಅಲ್ಲಿ ಒಂದು ಕೋಣೆಗೆ ಹನ್ನೆರಡು ಮಂಚ.

ಮಾಮ್ತೋಲೊಗೆ ಈ ಮಗು ಬೇಕಿತ್ತು. ಸಿನಾಜೊ ಹುಟ್ಟಿದ ಮೇಲೆ ಅವಳು ಇನ್ನೆರಡು ಹೆತ್ತಿದ್ದಳು, ಎರಡೂ ಉಳಿಯಲಿಲ್ಲ. ನಲವತ್ತೇಳನೆಯ ವಯಸ್ಸಿನಲ್ಲಿ ಎರಡು ವರ್ಷ ಕಚೇರಿಗೆ ಅಲೆದು, ಅರ್ಜಿಯ ಮೇಲೆ ಅರ್ಜಿ ಕೊಟ್ಟು, ದೇವರನ್ನೂ ಗುಮಾಸ್ತರನ್ನೂ ಸಮನಾಗಿ ಬೇಡಿಕೊಂಡು ತಂದ ಮಗು ಅದು.

"ಅಮ್ಮ, ಇಪ್ಪತ್ತನೇ ತಾರೀಖು ನನ್ನ ಪರೀಕ್ಷೆ," ಎಂದಳು ಸಿನಾಜೊ. "ಹೋದ ಸಲ ಆರು ಅಂಕಕ್ಕೆ ಹೋಯ್ತು. ಈ ಸಲ ನಿದ್ದೆಗೆ ಹೋಗುತ್ತೆ."

"ಹೋದ ಸಲ ನಿದ್ದೆ ಚೆನ್ನಾಗೇ ಮಾಡಿದ್ದೆಯಲ್ಲೇ," ಎಂದಳು ಅಜ್ಜಿ. "ಹಗಲೂ ಮಾಡಿದ್ದೆ."

"ನೋಡಪ್ಪ, ಅಜ್ಜಿ ಹೇಗೆ ಮಾತಾಡ್ತಾಳೆ."

"ನಿಜ ಮಾತಾಡ್ತಾಳೆ," ಎಂದ ಮೊಂದೆ. ಆಮೇಲೆ ಹೆಂಡತಿಯ ಕಡೆ ತಿರುಗಿ, ಮಗುವಿಗೆ ಕೇಳಿಸದಷ್ಟು ತಗ್ಗಿದ ದನಿಯಲ್ಲಿ, "ಮಾಮ್ತೋಲೊ, ಇವತ್ತು ಹಸು. ನಾಳೆ ಊರವರ ಮಕ್ಕಳು. ಆ ಮಿಸ್ ಬಂದಾಗ ಇದ್ದದ್ದನ್ನ ಇದ್ದ ಹಾಗೇ ಹೇಳಿಬಿಡೋಣ. ನಮ್ಮ ಕೈಲಾಗಲಿಲ್ಲ ಅಂತ," ಎಂದ.

 ಅವಳು ಗಂಜಿ ಪಾತ್ರೆಯ ತಳ ಕೆರೆಯುವ ಸದ್ದು ಜೋರಾಯಿತು.

ತಗ್ಗಿದ ದನಿಯ ಮಾತೇ ಮಕ್ಕಳ ಕಿವಿಗೆ ಮೊದಲು ಬೀಳುವುದು. ಅವಳು ಕೋಳಿಗೆ ಕಾಳು ಹಾಕಿ ಬರುವಷ್ಟರಲ್ಲಿ ಲಿಖೋನಾ ತನ್ನೆರಡು ಅಂಗಿಗಳನ್ನೂ ಸಾಬೂನಿನ ತುಂಡನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡು ಗೇಟಿನ ಹತ್ತಿರ ನಿಂತಿದ್ದಳು. ಅಳುತ್ತಿರಲಿಲ್ಲ. ಬಸ್ಸಿಗೆ ಕಾಯುವ ದೊಡ್ಡ ಹೆಂಗಸಿನ ಹಾಗೆ ರಸ್ತೆ ನೋಡುತ್ತಿದ್ದಳು.

"ಒಳಗೆ ಬಾ, ತಣ್ಣಗಿದೆ."

"ಕಾರು ಎಷ್ಟೊತ್ತಿಗೆ ಬರುತ್ತೆ?"

"ಯಾವ ಕಾರೂ ಬರಲ್ಲ."

"ರಾತ್ರಿ ಬರುತ್ತಾ?"

"ರಾತ್ರಿನೂ ಬರಲ್ಲ, ಕಂದ."

ಮಗು ನಂಬಲಿಲ್ಲ. ಬಿಸಿಲು ಬಂದು ಇಬ್ಬನಿ ಕರಗುವವರೆಗೂ ಅಲ್ಲೇ ನಿಂತಿತು.

ಅಳುವ ಮಗುವಿಗೆ ಕುಲದ ಹಿರಿಯರ ಹೆಸರು ಹೇಳುವುದು ನಮ್ಮಲ್ಲಿ ಜೋಗುಳಕ್ಕಿಂತ ಹಳೆಯದು. ನೊವುಲೇಲೆ ಅಜ್ಜಿ ಎಷ್ಟು ಗೊಣಗಿದರೂ ಆ ಕೆಲಸವನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಸಂಜೆಯಾದರೆ ಮಗುವಿನ ಮಂಚದ ಪಕ್ಕ ಚಾಪೆ ಹಾಸಿ ಕುಳಿತು, ಬೆನ್ನು ತಟ್ಟುತ್ತ ಶುರುಮಾಡುವಳು: "ಮಲಗು, ರಾದೇಬೆ. ಮಲಗು, ಭುಂಗಾನೆ. ಎರಡು ಚೆಂದದ ಕಿವಿಯವಳೇ, ಮಲಗು." ಅದು ಆ ಮನೆಯ ಕುಲ, ರಾದೇಬೆ. ಅವಳು ತನ್ನ ಐದು ಮಕ್ಕಳನ್ನೂ ಹನ್ನೊಂದು ಮೊಮ್ಮಕ್ಕಳನ್ನೂ ಮಲಗಿಸಿದ್ದು ಅದೇ ಹೆಸರುಗಳಿಂದ. ಯಾರದೋ ಮಗುವಿಗೆ ಮನೆಯ ಹಿರಿಯರ ಹೆಸರನ್ನು ಕೊಡುವುದೆಂದರೆ ಸಣ್ಣ ಮಾತಲ್ಲ. ತಟ್ಟೆಯಲ್ಲಿ ಪಾಲು ಕೊಟ್ಟದ್ದಕ್ಕಿಂತ ದೊಡ್ಡದು. ಊರಿನ ಹೆಂಗಸರು ಕೇಳಿ ಮೆಚ್ಚಿದ್ದರು. ಮಾಮ್ತೋಲೊಳ ಕಣ್ಣು ಕೂಡ ಮೊದಲ ದಿನ ಒದ್ದೆಯಾಗಿತ್ತು.

ಮಗು ಮಾತ್ರ ಆ ಹೆಸರು ಕೇಳಿದಷ್ಟೂ ಬಿಗಿಯಾಗುತ್ತಿತ್ತು.

ಮಾರನೆಯ ವಾರ ಒಂದು ಮಧ್ಯಾಹ್ನ ಮಾಮ್ತೋಲೊ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಲಿಖೋನಾ ಕೆಳಗೆ ನಿಂತು ಒಂದೊಂದೇ ಕ್ಲಿಪ್ಪು ಎತ್ತಿ ಕೊಡುತ್ತಿದ್ದಳು. ಒಳಗಿನಿಂದ ಅಜ್ಜಿ ಕೂಗಿದಳು: "ಮಾಮ್ತೋಲೊ, ಕಾಳು ಬೆಂದಿದ್ಯೋ ನೋಡು."

"ಮಾಮ್ತೋಲೊ, ಕಾಳು," ಎಂದು ಮಗುವೂ ಹೇಳಿತು. ಅದು ಅವಳನ್ನು ದೊಡ್ಡವರು ಕರೆದಂತೆಯೇ ಕರೆಯುತ್ತಿತ್ತು. ಮನೆಯವರು ಮೊದಲು ನಕ್ಕು, ಆಮೇಲೆ ಒಗ್ಗಿಹೋಗಿದ್ದರು.

"ಕೇಳಿಸ್ತು, ದೊಡ್ಡಮ್ಮಣ್ಣಿ."

"ನೀನು ಯಾಕೆ ಮಾಮ್ತೋಲೊ?"

"ನಾನು ತೋಲೊ ಕುಲದವಳು. ನಮ್ಮಪ್ಪ ತೋಲೊ."

"ರಾದೇಬೆ ಅಲ್ವಾ?"

"ರಾದೇಬೆ ಇವರೆಲ್ಲ. ನಾನು ಮದುವೆಯಾಗಿ ಬಂದವಳು."

ಮಗು ಒಂದು ಕ್ಲಿಪ್ಪನ್ನು ಬೆರಳಿಗೆ ಕಚ್ಚಿಸಿಕೊಂಡಿತು. "ನಾನೂ ಅಲ್ಲ."

"ಏನಲ್ಲ?"

"ರಾದೇಬೆ ಅಲ್ಲ."

ಮಾಮ್ತೋಲೊ ಒದ್ದೆ ಚಾದರವನ್ನು ಹಾಗೇ ತೋಳಿನ ಮೇಲೆ ಹಾಕಿಕೊಂಡು ಕುಕ್ಕರಗಾಲಲ್ಲಿ ಕುಳಿತಳು. "ಮತ್ತೆ ಯಾರು ನೀನು?"

"ಅಮ್ಮ ಹೇಳ್ತಿತ್ತು. ಮಲಗೋವಾಗ." ಕ್ಲಿಪ್ಪು ಕಚ್ಚಿದ ಬೆರಳು ಕೆಂಪಾಗಿತ್ತು. "ಮರ್ತೋಯ್ತು. ನಾನು ಹುಡುಕ್ತೀನಿ. ಅಜ್ಜಿ ಹೇಳೋದು ಒಳಗೆ ಬಂದ್ಬಿಡುತ್ತೆ. ಅದು ಆಚೆ ಹೋಗ್ಬಿಡುತ್ತೆ."

ಇಷ್ಟು ಹೇಳಿ ಅದು ಮತ್ತೊಂದು ಕ್ಲಿಪ್ಪು ಎತ್ತಿ ಕೊಟ್ಟಿತು.

ಅಂದು ಕಾಳು ತಳ ಹತ್ತಿತು. ಸುಟ್ಟ ವಾಸನೆಯ ನಡುವೆಯೇ ಮಾಮ್ತೋಲೊ ಅತ್ತೆಯ ಎದುರು ಕುಳಿತು ವಿಷಯ ತೆಗೆದಳು. ಮಾತು ಮೆಲ್ಲಗೇ ಶುರುವಾಯಿತು. ಮೆಲ್ಲಗೆ ಉಳಿಯಲಿಲ್ಲ.

"ಅತ್ತೆ, ಇನ್ನು ಮೇಲೆ ಮಗೂಗೆ ನಮ್ಮ ಮನೆ ಹೆಸರು ಹೇಳೋದು ಬೇಡ."

"ಯಾಕೆ? ರಾದೇಬೆ ಹೆಸರಿಗೆ ಹುಳ ಬಿದ್ದಿದ್ಯಾ?"

"ಅದಕ್ಕೆ ಅದರದೇ ಕುಲ ಇದೆ."

"ಇದ್ರೆ ಎಲ್ಲಿದಾರೆ ಅವರು? ಬಂದು ಕೇಳಿದ್ರಾ? ತಂದು ಬಿಟ್ಟದ್ದು ಕಚೇರಿಯವರು. ಕಚೇರಿಗೆ ಕುಲ ಇದ್ಯಾ?" ಅಜ್ಜಿ ನೆಲಕ್ಕೆ ಕೈ ಬಡಿದಳು. "ಎಂಬತ್ತು ವರ್ಷದ ಮುದುಕಿ ನೆಲದ ಮೇಲೆ ಕೂತು ಬೆನ್ನು ತಟ್ಟಿದ್ದು ತಪ್ಪಾಯ್ತು. ಮನೇಲಿರೋ ಒಳ್ಳೇದನ್ನೇ ಕೊಟ್ಟೆ ನಾನು."

"ಒಳ್ಳೇದೇ ಕೊಟ್ರಿ. ಆದ್ರೆ ಅತ್ತೆ, ನಾನು ಈ ಮನೆಗೆ ಬಂದು ಇಪ್ಪತ್ತೈದು ವರ್ಷ ಆಯ್ತು. ಇಲ್ಲೇ ಹೆತ್ತೆ, ಇಲ್ಲೇ ಮಣ್ಣು ಮಾಡಿದೆ. ಇವತ್ತಿಗೂ ನನ್ನ ಏನಂತ ಕರೀತೀರಿ?"

ಅಜ್ಜಿ ಕಂಬಳಿಯ ಅಂಚಿನ ದಾರ ಕೀಳತೊಡಗಿದಳು.

"ನಮ್ಮಪ್ಪನ ಕುಲದ ಹೆಸರಲ್ಲೇ ಕರೀತೀರಿ. ದೊಡ್ಡ ಹೆಂಗಸಿಗೆ ಉಳಿಸಿದ್ದನ್ನ ಈ ಪುಟ್ಟದಕ್ಕೆ ನಾವು ಉಳಿಸ್ಲಿಲ್ಲ."

"ನನಗೆ ಪಾಠ ಹೇಳ್ಬೇಡ," ಎಂದಳು ಅಜ್ಜಿ. ಕಂಬಳಿ ಎಳೆದುಕೊಂಡು ಗೋಡೆಗೆ ಮುಖ ಮಾಡಿದಳು. ಆ ಸಂಜೆ ಅವಳು ಚಾಪೆ ಹಾಸಲಿಲ್ಲ. ಊಟಕ್ಕೂ ಬರಲಿಲ್ಲ. ಸಿನಾಜೊ ತಟ್ಟೆ ಒಯ್ದು ಕೊಟ್ಟರೆ, "ಸೀದ ಕಾಳು ರಾದೇಬೆ ಮನೆಯವರು ತಿನ್ನಲ್ಲ," ಎಂದು ತಟ್ಟೆ ಇಸಿದುಕೊಂಡು, ಪೂರ್ತಿ ತಿಂದು, ಖಾಲಿ ಮಾಡಿ ಕೊಟ್ಟಳಂತೆ.

ಮಾಮ್ತೋಲೊ ಮಿಸ್ ಪೇತೇನಿಗೆ ಫೋನು ಮಾಡಿದಳು. ಕಡತದಲ್ಲಿ ತಾಯಿಯ ಹೆಸರಿತ್ತು, ಆಸ್ಪತ್ರೆಯಲ್ಲಿ ತೀರಿಕೊಂಡ ತಾರೀಖಿತ್ತು. ಕುಲ ಬರೆಯುವುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಮಗುವನ್ನು ಇಲಾಖೆಗೆ ಒಪ್ಪಿಸಿದ ನೆರೆಯವಳೊಬ್ಬಳು ಉಮ್ತಾತಾದ ವ್ಯಾನು ನಿಲ್ದಾಣದ ಬಳಿ ಕುರಿತಲೆ ಬೇಯಿಸಿ ಮಾರುತ್ತಾಳೆ, ಹೆಸರು ನೊಕಾಪಾ ಎಂದಷ್ಟೇ ತಿಳಿಯಿತು. ಶನಿವಾರ ಮೊಂದೆ ಗೊಣಗುತ್ತಲೇ ವ್ಯಾನು ತೆಗೆದ. ದಾರಿಯುದ್ದಕ್ಕೂ ಗಂಡ ಹೆಂಡತಿ ಹತ್ತು ಮಾತೂ ಆಡಲಿಲ್ಲ. ಅವನು ಆಕಳಿಸಿದಾಗಲೆಲ್ಲ ಅವಳು ಅವನ ತೊಡೆ ಚಿವುಟಿದಳು.

ನೊಕಾಪಾ ದಪ್ಪ ಹೆಂಗಸು. ಕೈಯಲ್ಲಿ ಕತ್ತಿ, ಮುಖವೆಲ್ಲ ಹೊಗೆ.

"ಪುಟ್ಟಿ ಚೆನ್ನಾಗಿದ್ಯಾ? ನಾನೇ ಇಟ್ಕೋತಿದ್ದೆ. ಒಂದೇ ಕೋಣೆ, ನನ್ನವು ನಾಲ್ಕು. ಕಚೇರಿಯವರು ರಾತ್ರಿ ಕಾರಲ್ಲಿ ಕರ್ಕೊಂಡು ಹೋಗೋವಾಗ ಮಲಗಿತ್ತು. ಎಬ್ಬಿಸ್ಬೇಡಿ, ಅಳುತ್ತೆ ಅಂತ ನಾನೇ ಹೇಳ್ದೆ." ಅವಳು ಕತ್ತಿಯನ್ನು ಹಲಗೆಯ ಮೇಲಿಟ್ಟಳು. "ಹೇಳ್ಬಾರ್ದಿತ್ತೇನೋ."

"ಅವರ ಅಮ್ಮ ಮಲಗಿಸೋವಾಗ ಏನೋ ಹೆಸರು ಹೇಳ್ತಿದ್ರಂತೆ."

"ಹೂಂ, ತಗಡಿನ ಗೋಡೆ, ತಾಯಿ, ಎಲ್ಲ ಕೇಳ್ತಿತ್ತು. ಭೇಲೆ, ಅಂತ ಶುರುಮಾಡೋಳು. ಆಮೇಲೆ ಖುಬೋನಿ. ಆಮೇಲೆ ಇನ್ನೂ ಉದ್ದ ಇತ್ತು."

"ಇನ್ನೇನು?"

"ಅದು ಗೊತ್ತಿಲ್ಲ. ಅಷ್ಟರಲ್ಲಿ ಈಚೆ ಕಡೆ ನನಗೇ ನಿದ್ದೆ ಬಂದ್ಬಿಡ್ತಿತ್ತು."

ಎರಡೇ ಹೆಸರು ಕಟ್ಟಿಕೊಂಡು ಅವರು ಊರಿಗೆ ಬಂದರು. ಸೂರ್ಯ ಬೆಟ್ಟದ ಹಿಂದೆ ಇಳಿಯುತ್ತಿದ್ದ. ತೀರಿಹೋದ ಹಿರಿಯರಿಗೆಂದು ಮೀಸಲಿಟ್ಟ ದುಂಡುಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು.

"ಸಿಕ್ತಾ?"

"ಭೇಲೆ ಕುಲ ಅಂತೆ, ಅತ್ತೆ."

ಅಜ್ಜಿ ದನದ ದೊಡ್ಡಿಯ ಕಡೆ ನೋಡಿದಳು. "ಒಳಗೆ ಹೇಳ್ಬೇಡ. ಈ ಸೂರಿನ ಕೆಳಗೆ ಬೇರೆಯವರ ಹಿರಿಯರನ್ನ ಕರೆದ್ರೆ ನಮ್ಮವರು ಏನಂದ್ಕೋತಾರೆ. ಅಂಗಳದಲ್ಲಿ ಹೇಳು. ಅಂಗಳ ದೇವರದು."

ಮಾಮ್ತೋಲೊ ಬಾಗಿ ಮಗುವನ್ನು ಬೆನ್ನ ಮೇಲೆ ಹಾಕಿಕೊಂಡು ಕಂಬಳಿಯಿಂದ ಬಿಗಿದಳು. ನಾಲ್ಕು ವರ್ಷದ ಮಗು ಭಾರವೇ. ಮಿಸ್ ಪೇತೇನಿಯ ಹಾಳೆಯಲ್ಲಿ ಬೆನ್ನಿನ ಮಾತಿರಲಿಲ್ಲ, ಮಂಚದ ಮಾತಿತ್ತು. ಅವಳು ಅಂಗಳದ ಈ ತುದಿಯಿಂದ ಆ ತುದಿಗೆ ನಡೆಯತೊಡಗಿದಳು. ನೆಲ ಆಗಲೇ ತಣ್ಣಗಾಗುತ್ತಿತ್ತು.

"ಭೇಲೆ," ಎಂದಳು.

ಬೆನ್ನ ಮೇಲಿನ ಉಸಿರು ನಿಂತ ಹಾಗಾಯಿತು.

"ಖುಬೋನಿ."

ನಡೆದಳು. ಇನ್ನು ಅವಳ ಬಳಿ ಹೇಳಲು ಏನೂ ಇರಲಿಲ್ಲ. ಸುಳ್ಳು ಹೆಸರು ಸೇರಿಸುವುದು ಪಾಪ. ಮತ್ತೆ ಮೊದಲಿಂದ ಹೇಳಿದಳು. ಭೇಲೆ. ಖುಬೋನಿ. ಮೂರನೆಯ ಸಲ ತಿರುಗುವಾಗ ಅವಳ ಕುತ್ತಿಗೆಯ ಹಿಂದೆ, ಒಣಗಿದ ಎಲೆ ಅಲುಗಿದಷ್ಟು ಸಣ್ಣಗೆ ಒಂದು ದನಿ ಬಂತು.

"ದುಂಜಾನೆ."

ಅವಳು ನಿಲ್ಲಲಿಲ್ಲ. ನಿಂತರೆ ಅದು ಹಾರಿಹೋಗುತ್ತದೆ ಎನ್ನಿಸಿತು.

"ದುಂಜಾನೆ... ಲಾಂಗಾ... ಮಾಫು," ಎಂದಿತು ಮಗು. ಆಮೇಲೆ ಎಲ್ಲವನ್ನೂ ಒಟ್ಟಿಗೆ, ಮೊದಲಿಂದ ಕೊನೆಯವರೆಗೆ ಹೇಳಿತು. ಕಾಣೆಯಾದ ಕುರಿಮರಿಗಳನ್ನು ಬೇಲಿಯ ಒಳಗೆ ಹೊಗಿಸಿ ಒಂದೊಂದರ ತಲೆಯನ್ನೂ ಮುಟ್ಟಿ ನೋಡುವ ಹಾಗೆ ಹೇಳಿತು. ಇನ್ನೆರಡು ಸುತ್ತು ನಡೆಯುವಷ್ಟರಲ್ಲಿ ಆ ಪುಟ್ಟ ಗಲ್ಲ ಅವಳ ಬೆನ್ನಿಗೆ ಪೂರ್ತಿ ಒರಗಿತು. ಎಂಜಲು ಇಳಿದು ಅಂಗಿ ಬೆಚ್ಚಗಾಯಿತು.

ಅಜ್ಜಿ ಬಾಗಿಲಿನಿಂದ ಇಳಿದು ಬಂದಳು. ಏನೂ ಮಾತಾಡದೆ, ಕಂಬಳಿಯ ಕೆಳಗೆ ನೇತಾಡುತ್ತಿದ್ದ ಕಾಲುಗಳಿಂದ ಬೂಟು ಬಿಚ್ಚಿದಳು. ಒಂದು, ಆಮೇಲೆ ಇನ್ನೊಂದು.

ಮಾರನೆಯ ಬೆಳಿಗ್ಗೆ ಭಾನುವಾರ. ಮನೆಗೆ ಮನೆಯೇ ಮಲಗಿಬಿಟ್ಟಿತ್ತು. ಪ್ರಾರ್ಥನೆಯ ಗಂಟೆ ಹೊಡೆದು ಪಾದ್ರಿ ಎರಡು ಹಾಡು ಮುಗಿಸಿದ ಮೇಲೆ ಅಜ್ಜಿ ಟೋಪಿ ಓರೆಯಾಗಿ ಇಟ್ಟುಕೊಂಡು ಓಡಿದಳು. "ಎಂಬತ್ತು ವರ್ಷದಲ್ಲಿ ಒಂದು ದಿನ ತಡ ಆಗಿರಲಿಲ್ಲ," ಎಂದು ದಾರಿಯುದ್ದಕ್ಕೂ ಬೈದಳು. ಬೈಗುಳದಲ್ಲಿ ಸಿಟ್ಟಿರಲಿಲ್ಲ.

ಆಮೇಲೆ ಎಲ್ಲವೂ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಕೆಲವು ರಾತ್ರಿ ಮಗು ಎದ್ದು ಕೂಗುತ್ತಿತ್ತು. ಆದರೆ ಹೆಸರು ಹೇಳಿದರೆ ಮತ್ತೆ ಮಲಗುತ್ತಿತ್ತು. ಅಜ್ಜಿ ತಾನೇ ಕರೆದು ಮಂಚವನ್ನೂ ಭೇಲೆಯವರ ಹೆಸರುಗಳನ್ನೂ ತನ್ನ ಕೋಣೆಯೊಳಗೆ ಸೇರಿಸಿಕೊಂಡಳು. ಬೆಳಿಗ್ಗೆಯೇ ಮಾಮ್ತೋಲೊ ಮಗುವಿಗೆ ದಿನವನ್ನೆಲ್ಲ ಹೇಳಿಬಿಡುವಳು: ಇವತ್ತು ಗಂಜಿ, ಆಮೇಲೆ ಬಾವಿ ಹತ್ತಿರದ ತೋಟ, ಮಧ್ಯಾಹ್ನ ಕಾಳು, ಸಂಜೆ ಸ್ನಾನ, ರಾತ್ರಿ ಇಲ್ಲೇ, ನಾಳೆ ಬೆಳಿಗ್ಗೆಯೂ ಇಲ್ಲೇ. ಸಿನಾಜೊ ಪರೀಕ್ಷೆ ಬರೆದಳು. ಮೊಂದೆಯ ಕಣ್ಣಿನ ಕೆಂಪು ಹೋಯಿತು. ತಿಂಗಳ ಕೊನೆಗೆ ಮಿಸ್ ಪೇತೇನಿ ಬಂದು, ಮಧ್ಯಾಹ್ನದ ಹೊತ್ತು ಚಾಪೆಯ ಮೇಲೆ ಬರಿಗಾಲಲ್ಲಿ ಮಲಗಿದ್ದ ಮಗುವನ್ನು ನೋಡಿ, ದನಿ ತಗ್ಗಿಸಿ ಹೇಳಿದಳು: "ಕೋರ್ಟಿನ ದೊಡ್ಡ ಕಾಗದಕ್ಕೆ ಬರೀತೀನಿ. ಹದಿನೆಂಟು ವರ್ಷದವರೆಗೂ ನಿಮ್ಮಲ್ಲೇ ಇರಬಹುದು."

ಆ ವಾರ ಮಾಮ್ತೋಲೊ ಚರ್ಚಿನ ಹೆಂಗಸರ ಸಂಘದ ಕೆಂಪು ರವಿಕೆ ತೊಟ್ಟು ಗುರುವಾರದ ಹೆಂಗಸರ ಪ್ರಾರ್ಥನೆಗೆ ಹೋದಾಗ ಹಾಡು ತಾನಾಗಿಯೇ ಬಾಯಿಗೆ ಬಂತು. ಕುಂಬು ಊರಿನ ಕಡೆಯಿಂದ ಬಂದಿದ್ದ ಅತಿಥಿಯೊಬ್ಬಳು ಎದ್ದು ನಿಂತಳು.

"ನಮ್ಮ ಸಂಘದ ನೊಂಬೆಕೊಗಾಗಿ ಬೇಡಿಕೊಳ್ಳಿ, ಅಕ್ಕಂದಿರೇ. ಅವಳ ತಂಗಿ ಆರು ವರ್ಷದ ಹಿಂದೆ ಜಗಳವಾಡಿ ಮನೆ ಬಿಟ್ಟವಳು, ಹೆಸರು ಬದಲಾಯಿಸ್ಕೊಂಡಿದ್ಳಂತೆ. ಉಮ್ತಾತಾದಲ್ಲಿ ತೀರಿಕೊಂಡಳು ಅಂತ ಈಗ ಗೊತ್ತಾಗಿದೆ. ಒಂದು ಹೆಣ್ಣುಮಗು ಇತ್ತಂತೆ. ಎಲ್ಲಿದೆಯೋ. ನೊಂಬೆಕೊ ಎಲ್ಲ ಕಡೆ ಕೇಳಿಸ್ತಿದಾಳೆ. ಭೇಲೆ ಕುಲದವರು."

ಮುಂದೆ ಪ್ರಾರ್ಥನೆ ಮಾಡುವ ಸರದಿ ಮಾಮ್ತೋಲೊಳದೇ. ಅವಳು ಎದ್ದು ನಿಂತು ಮಳೆಗಾಗಿ ಬೇಡಿಕೊಂಡಳು. ಕುರಿಗಳಿಗಾಗಿ, ಗಣಿಯಲ್ಲಿ ದುಡಿಯುವ ಗಂಡಸರಿಗಾಗಿ ಬೇಡಿಕೊಂಡಳು. ನೊಂಬೆಕೊಳ ಹೆಸರು ಎತ್ತದೆಯೇ ಕುಳಿತಳು.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಎರಡು ಗುರುವಾರ ತಲೆನೋವೆಂದು ಪ್ರಾರ್ಥನೆಗೆ ಹೋಗಲಿಲ್ಲ. ಬ್ರೆಡ್ಡಿನ ಹಿಟ್ಟಿಗೆ ಉಪ್ಪು ಎರಡು ಸಲ ಹಾಕಿದಳು. ಅವಳ ನಿದ್ದೆ ಹಾರಿಹೋಯಿತು. ಮನೆಯವರೆಲ್ಲ ಗೊರಕೆ ಹೊಡೆಯುವಾಗ ಒಬ್ಬಳೇ ಎಚ್ಚರವಿರುವುದೆಂದರೆ, ಜನರೆಲ್ಲ ಜಾತ್ರೆಗೆ ಹೋದ ಊರಿನಲ್ಲಿ ಒಬ್ಬಳೇ ಉಳಿದ ಹಾಗೆ. ಆ ಮಗು ವಾರಗಟ್ಟಲೆ ಕುಳಿತಿದ್ದದ್ದು ಇಲ್ಲೇ ಎಂದು ಅವಳಿಗೆ ಆಗ ತಿಳಿಯಿತು.

ಮೂರನೆಯ ಗುರುವಾರ ಮಧ್ಯಾಹ್ನ ಊಟಕ್ಕೆ ಎಲ್ಲರೂ ಕುಳಿತಿದ್ದಾಗ ಹೇಳಿದಳು. ಲಿಖೋನಾ ಹೊರಗೆ ಕೋಳಿಮರಿಗಳ ಜೊತೆಯಲ್ಲಿದ್ದಳು.

ಸೌಟು ಹಿಡಿದ ಸಿನಾಜೊಳ ಕೈ ಅಲ್ಲೇ ನಿಂತಿತು. ಮೊದಲು ಮಾತಾಡಿದವಳು ಅಜ್ಜಿ.

"ಕೇಳಿಸಿಕೊಂಡವಳು ನೀನೊಬ್ಬಳೇ ತಾನೆ?"

"ಸಂಘದವರೆಲ್ಲ ಕೇಳಿದ್ದಾರೆ. ಮಗು ಭೇಲೆ ಅಂತ ಗೊತ್ತಿರೋಳು ನಾನೊಬ್ಬಳೇ."

"ಹಾಗಾದ್ರೆ ಸುಮ್ನಿರು. ಆರು ವರ್ಷ ಹುಡುಕದೇ ಇದ್ದೋರು. ಈಗ ಅವಳು ನನ್ನ ಪಕ್ಕ ಮಲಗೋದು. ರಾತ್ರಿ ಕೈ ಚಾಚಿ ನಾನ್ ಇದ್ದೀನೋ ಇಲ್ವೋ ಅಂತ ನೋಡ್ತಾಳೆ." ಅಜ್ಜಿ ರೊಟ್ಟಿಯನ್ನು ಮುರಿದು ತಿನ್ನದೆ ತಟ್ಟೆಯಲ್ಲಿಟ್ಟಳು. "ಅವರ ಹೆಸರುಗಳನ್ನ ನಾನೇ ಕಲಿತೆ. ಈ ವಯಸ್ಸಲ್ಲಿ."

"ಅಮ್ಮ," ಎಂದ ಮೊಂದೆ.

"ನೀನು ಸುಮ್ನಿರೋ. ಮೊದಲು ಕಳಿಸೋಣ ಅಂದವನು ನೀನು."

"ಹೌದು, ಅಂದೆ. ಈಗ ನಾನೂ ಬೇಡ ಅಂತೀನಿ." ಅವನು ಹೆಂಡತಿಯನ್ನು ನೋಡಿದ. "ಆದ್ರೆ ನಿರ್ಧಾರ ಮಾಡೋಳು ನೀನು, ಮಾಮ್ತೋಲೊ. ಎರಡು ವರ್ಷ ಅಲೆದವಳು ನೀನು."

ಅವಳು ಬಾಗಿಲಿನ ಆಚೆ ನೋಡಿದಳು. "ಮಗೂಗೆ ಸೇರಿದ್ದನ್ನ ಮಗೂಗೆ ಕೊಟ್ವಿ, ಅದಕ್ಕೇ ಮಲಗ್ತು. ಅರ್ಧ ಕೊಟ್ಟು ಅರ್ಧ ಬಚ್ಚಿಟ್ಟರೆ?"

"ನನ್ನ ಕೇಳ್ಬೇಡ," ಎಂದಳು ಅಜ್ಜಿ. "ನಾನು ಕೆಟ್ಟ ಮುದುಕಿ. ನಾನು ಹೂಂ ಅಂತೀನಿ."

ಊಟದ ತಟ್ಟೆಗಳನ್ನು ತೊಳೆದಿಟ್ಟು, ಕೈ ಒರೆಸಿಕೊಂಡು, ಮಾಮ್ತೋಲೊ ಫೋನು ಹಿಡಿದು ಶಾಲೆಯ ದಿಬ್ಬ ಹತ್ತಿದಳು. ಸಿಗ್ನಲ್ಲು ಸಿಗುವುದು ಅಲ್ಲೇ.

ನೊಂಬೆಕೊ ತೆಳ್ಳಗಿನ ಹೆಂಗಸು, ಐವತ್ತರ ಹತ್ತಿರದವಳು. ಗಂಡನಿಲ್ಲ, ಮಕ್ಕಳಾಗಲಿಲ್ಲ. ಮೊದಲ ಸಲ ಬಂದಾಗ ಒಂದು ಕೋಸುಗಡ್ಡೆಯನ್ನು ಕೈಕೂಸಿನಂತೆ ಅವುಚಿಕೊಂಡು ಗೇಟಿನ ಹೊರಗೇ ನಿಂತಿದ್ದಳು. ಮಗುವಿನ ಹಣೆ ನೋಡಿ, "ಅವಳದೇ," ಎಂದಳು. ಕರೆದೊಯ್ಯುವ ಮೊದಲು ಮಗುವಿಗೆ ಒಗ್ಗಲಿ ಎಂದು ಮಿಸ್ ಪೇತೇನಿ ಹೇಳಿದಂತೆ ಮುಂದಿನ ವಾರಗಳಲ್ಲಿ ಮೂರು ಸಲ ಬಂದಳು. ಮೂರನೆಯ ಸಲ ಒಂದು ವಾರ ಉಳಿದಳು. ಅಜ್ಜಿ ಅವಳಿಗೆ ಮೊದಲೆರಡು ದಿನ ಚಹಾ ಕೇಳಲಿಲ್ಲ. ಮೂರನೆಯ ದಿನ, "ಸಕ್ಕರೆ ಎಷ್ಟು?" ಎಂದಳು.

"ನನಗೆ ಅಭ್ಯಾಸ ಇಲ್ಲ," ಎಂದಳು ನೊಂಬೆಕೊ, ಬಟಾಣಿ ಬಿಡಿಸುತ್ತ. "ರಾತ್ರಿ ಎದ್ದು ಅತ್ರೆ ಏನ್ ಮಾಡ್ಲಿ, ಅಕ್ಕ?"

"ದೀಪ ಹೆಚ್ಚು ಮಾಡ್ಬೇಡಿ. ಎಲ್ಲಿದೀಯ ಅಂತ ಮೊದಲು ಹೇಳಿ. ಇದು ದೊಡ್ಡಮ್ಮನ ಮನೆ, ಇದು ನಿನ್ನ ಹಾಸಿಗೆ, ಬಾಗಿಲು ಅಲ್ಲಿದೆ ಅಂತ. ಆಮೇಲೆ ಹೆಸರು ಹೇಳಿ. ಅವಸರ ಮಾಡ್ಬೇಡಿ. ನಿಮಗೆ ನಿದ್ದೆ ಬಂದಿದೆ ಅಂತ ಅವಳಿಗೆ ಗೊತ್ತಾಗ್ಬಾರ್ದು."

"ಅದು ಹೇಗೆ?"

"ಅದು ಹೇಳ್ಕೊಡೋಕೆ ಬರಲ್ಲ."

ಆಗಸ್ಟ್ ತಿಂಗಳ ಕೊನೆಯ ಶನಿವಾರ, ಗಾಳಿಗೆ ಧೂಳೆದ್ದು ಬೆಟ್ಟವೇ ಕಾಣದ ಮಧ್ಯಾಹ್ನ, ಮೊಂದೆ ವ್ಯಾನನ್ನು ಗೇಟಿನ ಮುಂದೆ ತಂದು ನಿಲ್ಲಿಸಿದ. ಬೆಳಿಗ್ಗೆಯೇ ಮಾಮ್ತೋಲೊ ಆ ದಿನದ್ದನ್ನೆಲ್ಲ ಮಗುವಿಗೆ ಹೇಳಿದ್ದಳು: ಗಂಜಿ, ಆಮೇಲೆ ಅಜ್ಜಿಗೆ ಮುತ್ತು, ಆಮೇಲೆ ವ್ಯಾನು, ರಾತ್ರಿ ದೊಡ್ಡಮ್ಮನ ಮನೆ, ನಾಳೆ ಬೆಳಿಗ್ಗೆಯೂ ದೊಡ್ಡಮ್ಮನ ಮನೆ. ಲಿಖೋನಾ ಕೇಳಿಕೊಂಡು ತಲೆಯಾಡಿಸಿದ್ದಳು. ಊಟವಾದ ಮೇಲೆ ಅವಳಾಗಿಯೇ ಬಂದು ಮಾಮ್ತೋಲೊಳ ಬೆನ್ನು ಮುಟ್ಟಿದಳು. ಮಾಮ್ತೋಲೊ ಕಟ್ಟಿಕೊಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮಗು ನಿದ್ದೆ ಹೋಯಿತು.

ಅಜ್ಜಿ ಒಳಗಿನಿಂದ ಹೊರಗೆ ಬರಲಿಲ್ಲ.

"ಒಳ್ಳೇದಾಯ್ತು," ಎಂದಳು ನೊಂಬೆಕೊ ಪಿಸುದನಿಯಲ್ಲಿ. "ಹಾಗೇ ನನ್ನ ಬೆನ್ನಿಗೆ ದಾಟಿಸಿಬಿಡಿ ಅಕ್ಕ. ಏಳೋ ಹೊತ್ತಿಗೆ ಮನೆ ಸೇರಿರ್ತೀವಿ."

ಮಾಮ್ತೋಲೊಗೆ ಅದೇ ಸುಲಭವಾಗಿತ್ತು. ಅಳು ನೋಡಬೇಕಿರಲಿಲ್ಲ, ಏನೂ ಹೇಳಬೇಕಿರಲಿಲ್ಲ. ಅವಳು ಸ್ವಲ್ಪ ಹೊತ್ತು ಗಾಳಿಗೆ ಬೆನ್ನು ಕೊಡದಂತೆ ತಿರುಗಿ ನಿಂತಳು.

"ಬೇಡ," ಎಂದಳು. "ಒಂದು ಮನೆಯಿಂದ ಒಂದು ಮನೆಗೆ ನಿದ್ದೇಲಿ ಸಾಗಿಸೋದು ಬೇಡ. ಎದ್ದು, ನೋಡಿ, ಬರ್ಲಿ."

ಕೈ ಹಿಂದೆ ಚಾಚಿ ಮಗುವಿನ ತೊಡೆಯನ್ನು ಮೆಲ್ಲಗೆ ತಟ್ಟಿದಳು. "ಏಳು, ಭೇಲೆ. ಏಳು, ಖುಬೋನಿ."

ಮಗು ಮುಲುಗಿತು. ಕಣ್ಣು ಬಿಟ್ಟು ವ್ಯಾನನ್ನು ನೋಡಿತು, ದೊಡ್ಡಮ್ಮನನ್ನು ನೋಡಿತು.

"ಈಗಲಾ?"

"ಈಗ."

"ನೀನು ಬರ್ತೀಯಾ, ಮಾಮ್ತೋಲೊ?"

"ಇಲ್ಲ ಕಂದ. ನಾನು ಇಲ್ಲೇ ಇರ್ತೀನಿ. ಬೇಲಿ ಹತ್ರ ನಿಂತಿರ್ತೀನಿ, ವ್ಯಾನು ಕಣ್ಮರೆಯಾಗೋವರೆಗೂ."

ಲಿಖೋನಾ ಆ ಮಾತನ್ನು ಸ್ವಲ್ಪ ಹೊತ್ತು ತೂಗಿ ನೋಡಿದಳು. ಆಮೇಲೆ ಕುತ್ತಿಗೆಯ ಸುತ್ತ ಹಾಕಿದ್ದ ಕೈ ಸಡಿಲ ಮಾಡಿದಳು.

ಇಬ್ಬರು ಹೆಂಗಸರೂ ಬೆನ್ನಿಗೆ ಬೆನ್ನು ತಾಗುವಷ್ಟು ಹತ್ತಿರ ನಿಂತು ಬಾಗಿದರು. ಮಾಮ್ತೋಲೊ ಎದೆಯ ಮೇಲಿನ ಪಿನ್ನು ಬಿಚ್ಚಿ, ಕಂಬಳಿಯ ಎರಡು ತುದಿಯನ್ನೂ ಬಿಗಿಯಾಗಿ ಹಿಡಿದುಕೊಂಡೇ, ಮಗುವಿನ ಭಾರವನ್ನು ಸ್ವಲ್ಪ ಸ್ವಲ್ಪವಾಗಿ ಆಚೆಯ ಬೆನ್ನಿಗೆ ಜಾರಿಸಿದಳು. ಭಾರ ಪೂರ್ತಿ ಹೋದ ಮೇಲೆ ತುದಿಗಳನ್ನು ನೊಂಬೆಕೊಳ ಕೈಗೆ ಕೊಟ್ಟಳು.